18 ತಿಂಗಳಿಗೇ ಸವೆದ ವಾಲ್ಯೂಮ್ ಗಾಲಿ: ಒಂದು ಕ್ಯಾಸೆಟ್ ಪ್ಲೇಯರಿನ ಪ್ರಕರಣ

“ನೋಡಪ್ಪಾ, ನಮ್ಮ ಗುರುಗಳ ದನಿ ಎಡಗಿವಿ ಕಡೆ ಓಡಿಹೋಗ್ತಾ ಇದೆ.”

ಸಂಗೀತದ ಟೀಚರಮ್ಮ ಹೀಗಂದು ಬಟ್ಟೆ ಚೀಲದಿಂದ ಕ್ಯಾಸೆಟ್ ಪ್ಲೇಯರ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಅವರು 30 ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ಅವರಿಗೆ ಅವರ ಗುರುಗಳು 1990ರ ದಶಕದಲ್ಲಿ ಹೇಳಿಕೊಟ್ಟದ್ದೆಲ್ಲ ಕ್ಯಾಸೆಟ್ಟುಗಳಲ್ಲಿದೆ. ಇವತ್ತಿಗೂ ದಿನಾ ಬೆಳಿಗ್ಗೆ ಒಂದು ಗಂಟೆ ಅದನ್ನು ಹಾಕಿಕೊಂಡು ಸಾಧನೆ ಮಾಡುತ್ತಾರೆ.

ದೂರು ಎರಡು. ಸದ್ದು ಇಳಿಸಿದಾಗ ದನಿ ನಡುವಿನಿಂದ ಎಡಕ್ಕೆ ಜಾರುತ್ತದೆ. ಗಾಲಿ ತಿರುಗಿಸಿದಾಗಲೆಲ್ಲ ಕಿವಿಯಲ್ಲಿ ಕರಕರ ಅನ್ನುತ್ತದೆ. ಹಳೆಯ ಪ್ಲೇಯರುಗಳಲ್ಲಿ ಇವೆರಡೂ ಮಾಮೂಲು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಆದರೆ ಹೊರಡುವಾಗ ಅವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು.

“ಮೊದಲಿದ್ದ ಗಾಲಿ ಹನ್ನೆರಡು ವರ್ಷ ಬಂತು. ಆಮೇಲೆ ಹಾಕಿಸಿದ್ದು ಒಂದೂವರೆ ವರ್ಷಕ್ಕೇ ಹೀಗಾಯ್ತು. ಕೈ ಅದೇ, ಸಾಧನೆ ಅದೇ. ಯಾಕಪ್ಪಾ?”

ಈ ಪ್ರಶ್ನೆಗೆ ಉತ್ತರ ಸಿಗಲು ನನಗೆ ಮೂರು ವಾರ ಹಿಡಿಯಿತು. ಅದನ್ನೇ ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಯಂತ್ರ ಮತ್ತು ಅದರ ಬಳಕೆ

ಪ್ಲೇಯರ್ ಕೊಂಡದ್ದು 2009ರಲ್ಲಿ. ಅಂಗೈ ಅಗಲದ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ಪೆನ್ಸಿಲ್ ಸೆಲ್ಲು. ಬಲಬದಿಯ ಸೀಳಿನಲ್ಲಿ ವಾಲ್ಯೂಮ್ ಗಾಲಿಯ ಅಂಚು ಇಣುಕುತ್ತದೆ. ಗಾಲಿಯ ವ್ಯಾಸ 16 ಮಿಲಿಮೀಟರ್. ಹೊರಗೆ ಕಾಣುವುದು ಅದರ ಕಾಲು ಭಾಗ ಮಾತ್ರ. ಅಂಚಿಗೆ ಸಣ್ಣ ಹಲ್ಲು, ಮೇಲೆ 0ಯಿಂದ 10ರವರೆಗೆ ಅಂಕೆ. ಹೆಬ್ಬೆರಳಿನಿಂದ ಉಜ್ಜಿ ತಿರುಗಿಸಬೇಕು.

ಟೀಚರಮ್ಮ ಇದನ್ನು ಬಳಸುವ ರೀತಿ ಬೇರೆಯವರಂತಲ್ಲ. ಗುರುಗಳ ಒಂದು ಸಾಲು ಕೇಳುತ್ತಾರೆ. ಸದ್ದು ಇಳಿಸುತ್ತಾರೆ. ಗುರುಗಳ ದನಿ ಅಡಿಯಲ್ಲಿ ಸಣ್ಣಗೆ ಹರಿಯುತ್ತಿರುವಾಗಲೇ ಅದರ ಮೇಲೆ ತಾವು ಹಾಡುತ್ತಾರೆ. ಮತ್ತೆ ಸದ್ದು ಏರಿಸುತ್ತಾರೆ. ನಿಲ್ಲಿಸುವ ಬಟನ್ ಒತ್ತಿದರೆ ಶ್ರುತಿಯೂ ತಾಳವೂ ಕೈಬಿಟ್ಟು ಹೋಗುತ್ತವೆ. ಹಾಗಾಗಿ ಅವರಿಗೆ ಗಾಲಿಯೇ ಬೇಕು.

ಫೋನಿಗೆ ಹಾಕಿಕೊಡಬಹುದಲ್ವಾ ಅಂತ ಯಾರಿಗಾದರೂ ಅನ್ನಿಸೀತು. ಅವರ ಮಗಳು ಹಾಕಿಕೊಟ್ಟಿದ್ದಾಳೆ. ಆದರೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಹಾಡಿನ ಸದ್ದಿಗೆ ಇರುವುದು 15 ಮೆಟ್ಟಿಲು. ಒಂದು ಮೆಟ್ಟಿಲು ಇಳಿದರೆ ಇನ್ನೂ ಜಾಸ್ತಿ, ಎರಡು ಇಳಿದರೆ ಕೇಳಿಸುವುದೇ ಇಲ್ಲ. ಅವರಿಗೆ ಬೇಕಾದ ಜಾಗ ಆ ಎರಡರ ನಡುವೆ ಎಲ್ಲೋ ಇದೆ. ಅಲ್ಲಿಗೆ ಗಾಲಿ ಹೋಗುತ್ತದೆ, ಬಟನ್ ಹೋಗುವುದಿಲ್ಲ.

ಮೊದಲ ಪರೀಕ್ಷೆ

ದನಿ ಒಂದು ಕಡೆ ಜಾರಿದರೆ ಎಲ್ಲರೂ ಮೊದಲು ಟೇಪಿನಿಂದ ದನಿ ಎತ್ತುವ ಹೆಡ್ ಮೇಲೆ ಅನುಮಾನ ಪಡುತ್ತಾರೆ. ನಾನೂ ಹೆಡ್ ಒರೆಸಿದೆ. ಇಯರ್‌ಫೋನ್ ಬೇರೆಯದು ಹಾಕಿ ನೋಡಿದೆ. ದನಿ ಆಗಲೂ ಎಡಗಿವಿಗೇ ಜಾರಿತು. ಅಂದರೆ ಇಯರ್‌ಫೋನ್ ಸರಿಯಿದೆ, ತಪ್ಪು ಪ್ಲೇಯರಿನದು.

ಖಾಲಿ ಕ್ಯಾಸೆಟ್ಟಿನ ಎರಡೂ ಚಾನೆಲ್ಲಿಗೆ ಒಂದೇ ಮಟ್ಟದಲ್ಲಿ 400 ಹರ್ಟ್ಸ್ ಟೋನ್ ರೆಕಾರ್ಡ್ ಮಾಡಿಕೊಂಡೆ. ಅಗ್ಗದ ಮಲ್ಟಿಮೀಟರುಗಳು ಎಸಿ ವೋಲ್ಟೇಜನ್ನು ಅಷ್ಟು ಹರ್ಟ್ಸಿನ ತನಕ ನಂಬುವಂತೆ ತೋರಿಸುತ್ತವೆ, ಅದಕ್ಕೇ 400. ಟೀಚರಮ್ಮ ಗಾಲಿಯನ್ನು ಎಲ್ಲಿ ಬಿಟ್ಟಿದ್ದರೋ ಅಲ್ಲೇ ಇಟ್ಟು ಅಳೆದೆ. ಅಂಕೆ 1ಕ್ಕಿಂತ ಸ್ವಲ್ಪ ಕೆಳಗೆ. ಎಡಕ್ಕೆ 40 ಮಿಲಿವೋಲ್ಟ್, ಬಲಕ್ಕೆ 26. ಹೆಚ್ಚುಕಡಿಮೆ 4 ಡೆಸಿಬೆಲ್ ವ್ಯತ್ಯಾಸ. ನಡುವೆ ಇರಬೇಕಾದ ದನಿ ಪಕ್ಕಕ್ಕೆ ಸರಿಯಲು ಇಷ್ಟು ಬೇಕಾದಷ್ಟಾಯಿತು.

ಆಮೇಲೆ ಗಾಲಿಯನ್ನು 8ಕ್ಕೆ ಏರಿಸಿದೆ. ಎಡಕ್ಕೆ 400, ಬಲಕ್ಕೆ 390. ವ್ಯತ್ಯಾಸ ಕಿವಿಗೆ ಗೊತ್ತೇ ಆಗುವುದಿಲ್ಲ.

ಇಲ್ಲಿಗೆ ಹೆಡ್ ನಿರಪರಾಧಿ ಅಂತ ಖಚಿತವಾಯಿತು. ಹೆಡ್ ಕೆಟ್ಟಿದ್ದರೆ 1ರಲ್ಲೂ 8ರಲ್ಲೂ ಒಂದೇ ಪ್ರಮಾಣದಲ್ಲಿ ಜಾರಬೇಕಿತ್ತು. ಅಂಕೆಗಳನ್ನು ಇನ್ನೊಮ್ಮೆ ನೋಡಿ. ಕೆಳಗೆ 14 ಮಿಲಿವೋಲ್ಟ್ ಕೊರತೆ, ಮೇಲೆ 10. ಕೊರತೆ ಹೆಚ್ಚುಕಡಿಮೆ ಅಷ್ಟೇ. ನಾನೂರು ರೂಪಾಯಿಯಲ್ಲಿ ಹತ್ತು ಕಳೆದರೆ ಯಾರಿಗೂ ನೋಯುವುದಿಲ್ಲ. ನಲವತ್ತರಲ್ಲಿ ಹದಿನಾಲ್ಕು ಹೋದರೆ ಸಂತೆಯಿಂದ ಅರ್ಧ ಚೀಲದಲ್ಲಿ ಬರಬೇಕಾಗುತ್ತದೆ.

ನಾನು ಮಾಡಿದ ತಪ್ಪು

ಇಷ್ಟು ತಿಳಿದ ಮೇಲೂ ನಾನು ಸುಲಭದ ದಾರಿ ಹಿಡಿದೆ. ಗಾಲಿಯ ಅಡಿಯಲ್ಲಿ ಕೂತು ಸದ್ದು ಏರಿಳಿಸುವ ಪಾಟ್ (ಪೊಟೆನ್ಷಿಯೋಮೀಟರ್) ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಅನ್ನುವ ಕೊಳೆ ತೊಳೆಯುವ ಸ್ಪ್ರೇ ಬಿಟ್ಟು ಗಾಲಿಯನ್ನು ತುದಿಯಿಂದ ತುದಿಗೆ ಮೂವತ್ತು ಸಲ ಆಡಿಸಿದೆ. ಕರಕರ ನಿಂತಿತು. ದನಿಯೂ ಸ್ವಲ್ಪ ನಡುವಿಗೆ ಬಂತು. ಅವತ್ತೇ ಕೊಟ್ಟು ಕಳಿಸಿದೆ.

9ನೇ ದಿನ ಪ್ಲೇಯರ್ ವಾಪಸ್ ಬಂತು. ಕರಕರ ಮೊದಲಿಗಿಂತ ಜಾಸ್ತಿಯಾಗಿತ್ತು. ಟೀಚರಮ್ಮ ಬೈಯಲಿಲ್ಲ. “ಇನ್ನೊಂದು ಸಲ ನೋಡಪ್ಪಾ” ಅಂದರು. ಅದೇ ನನಗೆ ಹೆಚ್ಚು ಚುರುಕ್ ಅಂದದ್ದು.

ಕ್ಲೀನರ್ ಹೊಡೆಯುವುದು ತಪ್ಪಲ್ಲ. ಕೊಳೆಯೊಂದೇ ಕಾರಣವಾಗಿದ್ದರೆ ಅದರಿಂದ ವರ್ಷಗಟ್ಟಲೆ ವಾಸಿಯಾಗುತ್ತದೆ. ಆದರೆ ಪಾಟಿನೊಳಗಿನ ಕಾರ್ಬನ್ ಪಟ್ಟಿಯೇ ಸವೆದಿದ್ದರೆ ಅದು ಔಷಧಿಯಲ್ಲ. ಜೊತೆಗೆ, ಗಾಲಿ ನಯವಾಗಿ ತಿರುಗಲಿ ಅಂತ ಒಳಗೆ ಹಚ್ಚಿರುವ ಗ್ರೀಸನ್ನೂ ಸ್ಪ್ರೇ ತೊಳೆದುಬಿಡುತ್ತದೆ. ಸೈಕಲ್ ಚೈನಿಗೆ, ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇಯನ್ನಂತೂ ದಯವಿಟ್ಟು ಪಾಟ್ ಒಳಗೆ ಬಿಡಬೇಡಿ. ನಾಲ್ಕು ದಿನ ಸದ್ದಡಗಿರುತ್ತದೆ, ಆಮೇಲೆ ಆ ಎಣ್ಣೆಯೇ ದೂಳನ್ನು ಹಿಡಿದು ಕೂರಿಸಿಕೊಳ್ಳುತ್ತದೆ.

ಬಿಚ್ಚಿದಾಗ ಕಂಡದ್ದು

ಎರಡನೇ ಸಲ ಪೂರ್ತಿ ಬಿಚ್ಚಿದೆ. ಮೊದಲು ಕಣ್ಣಿಗೆ ಬಿದ್ದದ್ದು ಸೀಳಿನ ಒಳಗಡೆ ಗಾಲಿಯ ಸುತ್ತ ಕಟ್ಟಿದ್ದ ಒಂದು ಗೆರೆ. ಕೆಂಪು ಕಂದು ಬಣ್ಣ, ಮುಟ್ಟಿದರೆ ಜಿಡ್ಡು. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ, ದೇವರ ಮನೆಯಲ್ಲಿ ಕುಂಕುಮ ಮುಟ್ಟಿದ ಬೆರಳು, ಆಮೇಲೆ ನೇರ ಗಾಲಿಯ ಮೇಲೆ. ಹಲ್ಲುಗಳು ಅದನ್ನೆಲ್ಲ ಕೆರೆದುಕೊಂಡು ಒಳಗೆ ಒಯ್ದಿದ್ದವು. ಹೆಬ್ಬೆರಳಿನ ಗಾಲಿಯ ದೊಡ್ಡ ದೋಷ ಇದೇ. ಬೆರಳಿಗೆ ತಾಗುವ ಅಂಚು ಮರುಕ್ಷಣವೇ ಪೆಟ್ಟಿಗೆಯ ಒಳಗಿರುತ್ತದೆ.

ಗಾಲಿಯ ಅಡಿಯಲ್ಲಿ ಪಾಟ್. ಕುದುರೆ ಲಾಳದ ಆಕಾರದಲ್ಲಿ ಬಳಿದ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಲೋಹದ ಬೆರಳು. ಸ್ಟೀರಿಯೋ ಆದ್ದರಿಂದ ಎರಡು ಪಟ್ಟಿ, ಎರಡು ಬೆರಳು. ಪಾಟಿನ ಕವಚ ಬಿಡಿಸಿ ಭೂತಗನ್ನಡಿ ಹಿಡಿದೆ.

ಪಟ್ಟಿಯ ಬಹುಭಾಗ ಹೊಸದರ ಹಾಗೆಯೇ ಮಿರಮಿರ ಅನ್ನುತ್ತಿತ್ತು. ಶುರುವಿನ ತುದಿಯಲ್ಲಿ ಮಾತ್ರ, ಸಾಸಿವೆ ಕಾಳಿನಷ್ಟು ಉದ್ದಕ್ಕೆ, ಎರಡು ಹರಿತವಾದ ಗೀರು. ಗೀರಿನ ಎರಡೂ ಕೊನೆಗೆ ಕಪ್ಪು ಪುಡಿ ಸಣ್ಣ ದಿಬ್ಬದ ಹಾಗೆ ನಿಂತಿತ್ತು. ಪೊರಕೆಯನ್ನು ಒಂದೇ ಮೂಲೆಯಲ್ಲಿ ಆಡಿಸುತ್ತಿದ್ದರೆ ಕಸ ಹೊರಗೆ ಹೋಗದೆ ಅಲ್ಲೇ ಅಕ್ಕಪಕ್ಕ ಗುಡ್ಡೆಯಾಗುತ್ತದಲ್ವಾ, ಹಾಗೆ. ಲೋಹದ ಬೆರಳು ಪ್ರತಿ ಸಲ ಆ ದಿಬ್ಬ ಹತ್ತಿ ಇಳಿಯುವಾಗ ಕರಕರ ಅನ್ನುತ್ತಿತ್ತು.

ಇಡೀ ಗಾಲಿ ತಿರುಗುವುದು ಸುಮಾರು 300 ಡಿಗ್ರಿ. ಸವೆದದ್ದು 20 ಡಿಗ್ರಿಯೂ ಇರಲಿಲ್ಲ. ಉಳಿದ 280 ಡಿಗ್ರಿ ಯಾಕೆ ಕೆಲಸಕ್ಕೇ ಬಂದಿಲ್ಲ?

ಪಾಟಿನ ಬೆನ್ನ ಮೇಲಿನ ಗುರುತಿನಲ್ಲಿ ಉತ್ತರ ಇತ್ತು: ಬಿ103.

ಒಂದು ಅಕ್ಷರದ ವ್ಯತ್ಯಾಸ

103 ಅಂದರೆ 10 ಕಿಲೋಓಮ್, ಪಾಟ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಅದು ಸರಿ. ಮೊದಲಿನ ಅಕ್ಷರ ‘ಬಿ’ ತಪ್ಪಿತ್ತು. ಜಪಾನ್, ಚೀನಾ ಕಡೆಯ ಪಾಟುಗಳಲ್ಲಿ ‘ಬಿ’ ಅಂದರೆ ಗಾಲಿ ಎಷ್ಟು ತಿರುಗಿತೋ ವೋಲ್ಟೇಜೂ ಅಷ್ಟೇ ಏರುವಂಥದ್ದು. ಅರ್ಧ ತಿರುಗಿಸಿದರೆ ಅರ್ಧ. ‘ಎ’ ಅಂದರೆ ಸದ್ದಿಗೆಂದೇ ಮಾಡಿದ್ದು. ಸಾಮಾನ್ಯವಾದ ಒಂದು ಬಗೆಯಲ್ಲಿ ಅರ್ಧ ತಿರುಗಿಸಿದರೂ 15%ರಷ್ಟೇ ಬರುತ್ತದೆ. ಉಳಿದ 85% ಎರಡನೇ ಅರ್ಧದಲ್ಲಿ.

ಇದೇಕೆ ಹೀಗೆ ಅಂತ ಟೀಚರಮ್ಮನಿಗೆ ಹೇಳಲು ಹೊರಟಾಗ ನನಗಿಂತ ಮುಂಚೆ ಅವರಿಗೇ ಹೊಳೆಯಿತು. ಮಂದ್ರ ಷಡ್ಜದಿಂದ ಮಧ್ಯ ಷಡ್ಜಕ್ಕೆ ಕಂಪನ ಎರಡರಷ್ಟು. ಮಧ್ಯದಿಂದ ತಾರ ಷಡ್ಜಕ್ಕೆ ಮತ್ತೆ ಎರಡರಷ್ಟು. ಲೆಕ್ಕದಲ್ಲಿ ಎರಡನೇ ಜಿಗಿತ ದೊಡ್ಡದು, ಕಿವಿಗೆ ಎರಡೂ ಒಂದೇ ಅಳತೆಯ ಮೆಟ್ಟಿಲು. ಸದ್ದಿನ ಜೋರೂ ಹಾಗೆಯೇ. ಕಿವಿ ಕೂಡಿಸಿ ಲೆಕ್ಕ ಹಾಕುವುದಿಲ್ಲ, ಗುಣಿಸಿ ಹಾಕುತ್ತದೆ. ಹಾಗಾಗಿ ಸದ್ದು ಒಂದೇ ಸಮ ಏರಿದಂತೆ ಕೇಳಬೇಕಾದರೆ ಪಾಟ್ ಕೂಡ ಗುಣಿಸುತ್ತಾ ಏರಬೇಕು. “ಹಾಗಾದ್ರೆ ಈಗಿರೋ ಗಾಲಿಗೆ ಕಿವಿ ಇಲ್ಲ ಅನ್ನು” ಅಂದರು ಟೀಚರಮ್ಮ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಅವರು ಕೇಳುವ ಮಟ್ಟ ಪೂರ್ಣ ಸದ್ದಿನ 8%. ಹಾಡುವಾಗ ಅದನ್ನು ಕಾಲು ಭಾಗಕ್ಕೆ, ಅಂದರೆ 2%ಕ್ಕೆ ಇಳಿಸುತ್ತಾರೆ. ‘ಬಿ’ ಪಾಟಿನಲ್ಲಿ 8% ಅಂದರೆ 24 ಡಿಗ್ರಿ, 2% ಅಂದರೆ 6 ಡಿಗ್ರಿ. ಅವರ ಇಡೀ ಸಾಧನೆ ನಡೆಯುತ್ತಿದ್ದದ್ದು 18 ಡಿಗ್ರಿಯೊಳಗೆ. 16 ಮಿಲಿಮೀಟರ್ ಗಾಲಿಯ ಅಂಚಿನಲ್ಲಿ ಅದು ಎರಡೂವರೆ ಮಿಲಿಮೀಟರ್. ನಿಮ್ಮ ಹೆಬ್ಬೆರಳನ್ನು ಒಮ್ಮೆ ನೋಡಿಕೊಳ್ಳಿ. ಉಗುರಿನ ಬುಡದ ಬಿಳಿ ಅರ್ಧಚಂದ್ರ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟು ಜಾಗ.

ಅವರ ಮನೆಯಲ್ಲಿ ಒಂದು ಬೆಳಿಗ್ಗೆ

ಇಷ್ಟಕ್ಕೇ ಸವೆತ ಪೂರ್ತಿ ಅರ್ಥವಾಗುವುದಿಲ್ಲ. ಜಾಗ ಚಿಕ್ಕದಾದ ಮಾತ್ರಕ್ಕೆ ಆ ಜಾಗದ ಮೇಲೆ ಉಜ್ಜುವ ಸಂಖ್ಯೆ ಏರಬೇಕಿಲ್ಲ. ಒಂದು ಸಲ ಇಳಿಸಿದರೆ ಒಂದು ಉಜ್ಜು, ಏರಿಸಿದರೆ ಇನ್ನೊಂದು, ಅಷ್ಟೇ ಅಲ್ವಾ? ಹಾಗಾಗಿ ಕೇಳಿದೆ: “ಅಮ್ಮಾ, ನಾಳೆ ಸಾಧನೆ ಹೊತ್ತಿಗೆ ಬಂದು ಸುಮ್ನೆ ಒಂದು ಕಡೆ ಕೂತಿರ್ಲಾ?”

ಬೆಳಿಗ್ಗೆ ಆರಕ್ಕೆ ಹೋದೆ. ಶ್ರುತಿಪೆಟ್ಟಿಗೆ ಹಾಕಿಕೊಂಡು ಕೂತಿದ್ದರು. ಪ್ಲೇಯರ್ ಎಡಗೈಯಲ್ಲಿ, ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾನು ಕಾಗದದ ಮೇಲೆ ಗೆರೆ ಎಳೆಯುತ್ತಾ ಹೋದೆ. ಗಾಲಿ ಕದಲಿದಾಗಲೆಲ್ಲ ಒಂದು ಗೆರೆ.

ಒಂದು ಗಂಟೆಗೆ 62 ಗೆರೆ ಬಿದ್ದವು. ಆದರೆ ಅವರು ಸದ್ದು ಇಳಿಸಿ ಹಾಡಿದ್ದು 13 ಸಾಲು. ಇಳಿಸಲು 13, ಏರಿಸಲು 13, ಒಟ್ಟು 26 ಸಾಕಿತ್ತು. ಉಳಿದ 36 ಎಲ್ಲಿಂದ ಬಂದವು? ಹೆಬ್ಬೆರಳು ಇಳಿಸುತ್ತಿತ್ತು, ಪೂರ್ತಿ ಅಡಗಿಹೋಗುತ್ತಿತ್ತು. ಸ್ವಲ್ಪ ಏರಿಸುತ್ತಿತ್ತು, ಜಾಸ್ತಿ ಆಗುತ್ತಿತ್ತು. ಮತ್ತೆ ಕೂದಲೆಳೆಯಷ್ಟು ಇಳಿಸುತ್ತಿತ್ತು. ಅಷ್ಟರಲ್ಲಿ ಗುರುಗಳ ಸಾಲು ಮುಗಿದಿರುತ್ತಿತ್ತು. ಒಂದು ಸಲವಂತೂ ಟೀಚರಮ್ಮ ಕಣ್ಣು ತೆರೆದು ಗಾಲಿಯನ್ನೇ ದಿಟ್ಟಿಸಿ ನೋಡಿದರು. ಕಣ್ಣು ಮುಚ್ಚಿ ಹಾಡುವವರು ಅವರು.

ಇದು ತಡಕಾಟ. ಎರಡೂವರೆ ಮಿಲಿಮೀಟರಿನಲ್ಲಿ ಸರಿಯಾದ ಜಾಗ ಹುಡುಕುವುದು ಯಾವ ಹೆಬ್ಬೆರಳಿಗೂ ಆಗದ ಕೆಲಸ. ಒಟ್ಟು ಉಜ್ಜಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಹುಡುಕಾಟದ್ದಾಗಿತ್ತು.

ವಾರಕ್ಕೆ 6 ದಿನ, ಹಬ್ಬ ಹರಿದಿನ, ಊರಿಗೆ ಹೋಗುವುದು ಕಳೆದು ವರ್ಷಕ್ಕೆ 45 ವಾರ ಅಂದುಕೊಂಡರೆ 18 ತಿಂಗಳಲ್ಲಿ ಸುಮಾರು 25,000 ಉಜ್ಜು. ಅಗ್ಗದ ಸಣ್ಣ ಕಾರ್ಬನ್ ಪಾಟುಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯುಸ್ಸು 10,000 ಸುತ್ತಿನ ಆಸುಪಾಸು. ತುದಿಯಿಂದ ತುದಿಗೆ ಹೋಗಿ ಬಂದರೆ ಒಂದು ಸುತ್ತು, ಅಂದರೆ 20,000 ಉಜ್ಜು. ಆ ಸಂಖ್ಯೆ ಕನಿಷ್ಠ ಭರವಸೆ ಅಷ್ಟೇ, ಸಾಯುವ ದಿನ ಅಲ್ಲ. ಮೊದಲಿದ್ದ ಪಾಟ್ ಅದನ್ನು ಎಷ್ಟೋ ಪಟ್ಟು ಮೀರಿ ದುಡಿದಿತ್ತು. ಅದರಲ್ಲಿ ಲೋಹದ ಬೆರಳು ಉದ್ದಕ್ಕೆ ಓಡಾಡುತ್ತಿತ್ತು. ಪುಡಿಯನ್ನು ದೂರ ತಳ್ಳುತ್ತಿತ್ತು, ಗ್ರೀಸನ್ನು ತಾನೇ ಹರಡಿಕೊಳ್ಳುತ್ತಿತ್ತು. ಎರಡನೆಯದರಲ್ಲಿ ಎಣ್ಣೆ, ಕುಂಕುಮ, ಕಾರ್ಬನ್ ಪುಡಿ ಎಲ್ಲ ಒಂದೇ ಸಾಸಿವೆ ಕಾಳಿನ ಜಾಗದಲ್ಲಿ ಅರೆದು ಕೂತವು.

ಇನ್ನೊಂದು ಸಣ್ಣ ಸಂಗತಿ ಅವತ್ತೇ ತಿಳಿಯಿತು. ಹಳೆಯ ಸ್ಪಂಜಿನ ಹೆಡ್‌ಫೋನ್ ಹಾಳಾಗಿ ಕಿವಿಯೊಳಗೆ ಕೂರುವ ಇಯರ್‌ಫೋನ್ ತಂದದ್ದೂ ಗಾಲಿ ಬದಲಿಸಿದ ವರ್ಷವೇ. ಇವು ಅಷ್ಟೇ ಕರೆಂಟಿಗೆ ಹೆಚ್ಚು ಜೋರಾಗಿ ಹಾಡುತ್ತವೆ. ಹಾಗಾಗಿ ಗಾಲಿಯನ್ನು ಇನ್ನೂ ಕೆಳಕ್ಕೆ ಇಳಿಸಬೇಕಾಗಿ ಬಂತು. ಎರಡು ಬದಲಾವಣೆ ಸೇರಿ ಅವರ ಕೈಯನ್ನು ಮೂಲೆಗೆ ನೂಕಿದ್ದವು.

‘ಬಿ’ ಹಾಕಿದವರು

ಹಿಂದಿನ ರಿಪೇರಿಯವರನ್ನು ದೂರುವ ಮನಸ್ಸು ನನಗಿಲ್ಲ. ಅದಕ್ಕೆ ಕಾರಣ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ ದಿನ ಗೊತ್ತಾಯಿತು. ಗಾಲಿ ಅಂಟಿಕೊಂಡೇ ಬರುವ, ಎರಡು ಪಟ್ಟಿಯ, ಬೋರ್ಡಿಗೆ ಬೆಸೆಯುವ ಲೋಹದ ಕಾಲುಗಳ ಜೋಡಣೆ ಇದಕ್ಕೇ ಹೊಂದುವ ಪಾಟ್ ಬೇಕು. ಏಳು ಅಂಗಡಿ ಸುತ್ತಿದೆ. ಆರರಲ್ಲಿ ‘ಬಿ’ ಇತ್ತು, ‘ಎ’ ಇರಲಿಲ್ಲ. ಒಬ್ಬ ಹುಡುಗ ತುಂಬ ಮರ್ಯಾದೆಯಿಂದಲೇ ಹೇಳಿದ: “ಸಾರ್, ಎರಡೂ ಹತ್ತು ಕೆನೇ ಅಲ್ವಾ? ಇದನ್ನೇ ಹಾಕಿ, ಕೆಲಸ ಮಾಡತ್ತೆ.” ಮಾಡುತ್ತದೆ, ನಿಜ. ಗಿರಾಕಿ ಕೌಂಟರಿನಲ್ಲಿ ನಿಂತು ಒಂದು ಸಲ ತಿರುಗಿಸಿ ನೋಡಿದರೆ ಸದ್ದು ಏರುತ್ತದೆ, ಇಳಿಯುತ್ತದೆ. ತಪ್ಪು ಗೊತ್ತಾಗುವುದು ತಿಂಗಳುಗಳ ಮೇಲೆ.

ಏಳನೇ ಅಂಗಡಿಯ ಯಜಮಾನರು ಅಟ್ಟದಿಂದ ಒಂದು ಬಿಸ್ಕತ್ ಡಬ್ಬ ಇಳಿಸಿದರು. ಅದರಲ್ಲಿ ಎರಡು ‘ಎ103’ ಇದ್ದವು. ಎರಡನ್ನೂ ತಂದೆ.

‘ಎ’ ಎಲ್ಲೂ ಸಿಗದವರಿಗೆ ಒಂದು ದಾರಿ ಇದೆ. ‘ಬಿ’ ಪಾಟಿನ ನಡುಗಾಲಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಬೆಸೆಯಿರಿ. 10 ಕಿಲೋಓಮ್ ಪಾಟಿಗೆ ಒಂದೂವರೆ ಕಿಲೋಓಮ್. ಆಗ ಗಾಲಿ ನಡುವೆ ನಿಂತಾಗ ಅರ್ಧದ ಬದಲು ಸುಮಾರು 19% ಬರುತ್ತದೆ. ಪೂರ್ತಿ ‘ಎ’ ಅಲ್ಲ, ಆದರೆ ಕಿವಿಗೆ ಹತ್ತಿರ. ಒಂದೇ ಎಚ್ಚರಿಕೆ: ಸದ್ದು ಪೂರ್ತಿ ಏರಿಸಿದಾಗ ಪಾಟಿನ ಹಿಂದಿನ ಹಂತಕ್ಕೆ ಹೊರೆ ಬೀಳುತ್ತದೆ. ಅದು ತಾಳುತ್ತದೆಯೇ ನೋಡಿಕೊಳ್ಳಬೇಕು.

ಬೇರೆ ಪ್ಲೇಯರುಗಳು ಈ ಕೈಯನ್ನು ಹೇಗೆ ನೋಡಿಕೊಂಡವು

ಈ ಮೂರು ವಾರ ನನ್ನ ಕಪಾಟಿನ ಹಳೆಯ ಯಂತ್ರಗಳನ್ನೆಲ್ಲ ಹೊಸ ಕಣ್ಣಿನಿಂದ ನೋಡಿದೆ.

ಸೋನಿಯ ಮೊದಲ ವಾಕ್‌ಮನ್, ಟಿಪಿಎಸ್-ಎಲ್2, ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1979ರ ಜುಲೈ 1ರಂದು. ಅದರಲ್ಲಿ ಗಾಲಿಯೇ ಇರಲಿಲ್ಲ. ಎಡಕ್ಕೊಂದು, ಬಲಕ್ಕೊಂದು ಜಾರುಗುಂಡಿ. ಟೀಚರಮ್ಮನ ಎಡಕ್ಕೆ ಓಡುವ ದನಿಗೆ ಅದರಲ್ಲಿ ಬೆರಳಿನಲ್ಲೇ ಪರಿಹಾರವಿತ್ತು, ಬಲಗುಂಡಿಯನ್ನು ಸ್ವಲ್ಪ ಮೇಲೆ ತಳ್ಳಿದರೆ ಆಯಿತು. ಆದರೆ ಜಾರುಗುಂಡಿಗೆ ಉದ್ದನೆಯ ಸೀಳು ಬೇಕು, ಅಷ್ಟು ಉದ್ದಕ್ಕೂ ದೂಳಿಗೆ ಬಾಗಿಲು ತೆರೆದೇ ಇರುತ್ತದೆ.

ಐಪಾಡ್ ಕತೆ ಇನ್ನೂ ಸ್ವಾರಸ್ಯ. 2001ರ ಅಕ್ಟೋಬರಿನಲ್ಲಿ ಬಂದ ಮೊದಲ ಐಪಾಡಿನ ಚಕ್ರ ನಿಜವಾಗಿಯೂ ತಿರುಗುತ್ತಿತ್ತು. ಮರುವರ್ಷವೇ ಆಪಲ್ ಅದನ್ನು ತಿರುಗದ ಚಕ್ರ ಮಾಡಿತು. ಬೆರಳು ಮೇಲ್ಮೈ ಮೇಲೆ ಜಾರುತ್ತದೆ, ಅಡಿಯ ಪಟ್ಟಿಗಳು ಬೆರಳಿನ ವಿದ್ಯುತ್ ಧಾರಣೆಯನ್ನು ಗ್ರಹಿಸುತ್ತವೆ. ಉಜ್ಜುವ ಲೋಹವೂ ಇಲ್ಲ, ಸೀಳೂ ಇಲ್ಲ, ಕುಂಕುಮಕ್ಕೆ ದಾರಿಯೂ ಇಲ್ಲ. 2004ರಲ್ಲಿ ಐಪಾಡ್ ಮಿನಿಯ ಜೊತೆ ಒತ್ತುವ ಬಟನ್ನುಗಳೂ ಅದೇ ಚಕ್ರದ ಅಡಿಗೆ ಹೋದವು. ಬಾಳಿಕೆಯ ದೃಷ್ಟಿಯಿಂದ ನಾನು ಕಂಡ ಅತ್ಯುತ್ತಮ ನಿಯಂತ್ರಣ ಅದು. ಒಂದು ಕೊರತೆ ಮಾತ್ರ ಇದೆ. ಆ ಚಕ್ರಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಸದ್ದು ಈಗ ಎಲ್ಲಿದೆ ಅಂತ ಪರದೆ ನೋಡಿಯೇ ತಿಳಿಯಬೇಕು. ನಮ್ಮ ಗಾಲಿ ಹಾಗಲ್ಲ. ಇಯರ್‌ಫೋನ್ ಕಿವಿಗಿಡುವ ಮೊದಲೇ, ಪ್ಲೇಯರ್ ಆಫ್ ಇದ್ದಾಗಲೇ, ಸದ್ದು ಎಷ್ಟಿದೆ ಅಂತ ಹೆಬ್ಬೆರಳು ಹೇಳುತ್ತದೆ.

2009ರಲ್ಲಿ ಅದೇ ಕಂಪನಿ ಐಪಾಡ್ ಶಫಲ್ಲಿನ ಮೈಮೇಲಿನ ಬಟನ್ನುಗಳನ್ನೆಲ್ಲ ತೆಗೆದು ಇಯರ್‌ಫೋನ್ ವೈರಿಗೆ ಹಾಕಿತು. ಮುಂದಿನ ವರ್ಷವೇ ಅವನ್ನು ಮೈಮೇಲೆ ವಾಪಸ್ ತರಬೇಕಾಯಿತು. ಬೆರಳು ತನ್ನ ಜಾಗ ಬಿಟ್ಟುಕೊಡುವುದಿಲ್ಲ.

ಈಗಿನ ದುಬಾರಿ ಡಿಜಿಟಲ್ ಪ್ಲೇಯರುಗಳಲ್ಲಿ ತಿರುಗುವ ನಾಬ್ ಮತ್ತೆ ಬಂದಿದೆ. ಹೊರಗಿನಿಂದ ಹಳೆಯ ಗಾಲಿಯ ಹಾಗೆಯೇ ಕಾಣುತ್ತದೆ, ಒಳಗೆ ಹೆಚ್ಚಾಗಿ ಕಾರ್ಬನ್ ಪಟ್ಟಿ ಇರುವುದಿಲ್ಲ. ಇರುವುದು ಎನ್‌ಕೋಡರ್. ತಿರುಗಿದಂತೆ ಎರಡು ಸಂಪರ್ಕಗಳು ಒಂದರ ಹಿಂದೊಂದು ಕೂಡಿ ಬಿಡುತ್ತವೆ. ಯಾವುದು ಮುಂದೆ ಅನ್ನುವುದರ ಮೇಲೆ ಏರಿಸಿದಿರೋ ಇಳಿಸಿದಿರೋ ಅಂತ ಚಿಪ್ ತಿಳಿಯುತ್ತದೆ. ಇದರಲ್ಲಿ ದನಿ ಎಡಕ್ಕೆ ಜಾರುವುದಿಲ್ಲ, ಕರಕರವೂ ಇಲ್ಲ. ಆದರೆ ಅಗ್ಗದ ಎನ್‌ಕೋಡರಿಗೂ ಲೋಹದ ಬೆರಳೇ ಇರುವುದು. ಅದಕ್ಕೆ ಕೊಳೆ ಹಿಡಿದರೆ ಒಂದು ಸಂಪರ್ಕ ತಪ್ಪಿ, ಏರಿಸಿದಾಗ ಸದ್ದು ಇಳಿಯುತ್ತದೆ. ಇಂಥ ಒಂದು ಈಗಲೂ ನನ್ನ ಮೇಜಿನ ಮೇಲಿದೆ.

ಮಾಡಿದ ರಿಪೇರಿ

ಹೊಸ ‘ಎ103’ ಕೂರಿಸಿದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಹೊಸ ಇಯರ್‌ಫೋನ್ ಜೋರಾದ್ದರಿಂದ ಬರೀ ‘ಎ’ ಹಾಕಿದರೆ ಅವರ ಕೈ 3ರ ಕೆಳಗೇ ನಿಲ್ಲುತ್ತಿತ್ತು. ಪ್ರತಿ ಚಾನೆಲ್ಲಿಗೂ ಪಾಟಿನ ಮೇಲಿನ ಕಾಲಿಗೆ ಮೊದಲು 10 ಕಿಲೋಓಮಿನ ರೆಸಿಸ್ಟರ್ ಒಂದನ್ನು ಸರಣಿಯಲ್ಲಿ ಬೆಸೆದೆ. ಪಾಟಿನಷ್ಟೇ ರೆಸಿಸ್ಟರ್ ಆದ್ದರಿಂದ ವೋಲ್ಟೇಜ್ ಅರ್ಧವಾಗುತ್ತದೆ, 6 ಡೆಸಿಬೆಲ್ ಕಡಿಮೆ. ಈಗ ಅವರು ಕೇಳುವ ಮಟ್ಟ ಅಂಕೆ 5ಕ್ಕೆ ಬಂತು. ಹಾಡುವಾಗಿನ ಸಣ್ಣ ಸದ್ದು 1 ದಾಟಿದ ಮೇಲೆ. ನಡುವಿನ ದಾರಿ ಎರಡೂವರೆ ಮಿಲಿಮೀಟರ್ ಇದ್ದದ್ದು 15 ಮಿಲಿಮೀಟರ್ ದಾಟಿತು. ಪೂರ್ಣ ಸದ್ದು ಅರ್ಧಕ್ಕಿಳಿಯುತ್ತದೆ, ಬಸ್ಸಿನಲ್ಲಿ ಕೇಳಲು ಸಾಲದಿರಬಹುದು ಅಂತ ಮೊದಲೇ ಹೇಳಿದೆ. “ಬಸ್ಸಲ್ಲಿ ಯಾರಪ್ಪಾ ಸಾಧನೆ ಮಾಡ್ತಾರೆ” ಅಂದರು.

ಕಾಲುಗಳ ಬೆಸುಗೆ ನೋಡಿದಾಗ ಒಂದರ ಸುತ್ತ ಕೂದಲೆಳೆಯ ಬಿರುಕು ಇತ್ತು. ಹೆಬ್ಬೆರಳು ಗಾಲಿಯನ್ನು ತಿರುಗಿಸುವಾಗ ಒಳಕ್ಕೂ ಒತ್ತುತ್ತದೆ. ಆ ಒತ್ತಡ ಪೆಟ್ಟಿಗೆಗೆ ಹೋಗಬೇಕು, ಇಲ್ಲಿ ಬೆಸುಗೆಗೆ ಹೋಗುತ್ತಿತ್ತು. ಪಾಟಿನ ಹಿಂದೆ ಪೆಟ್ಟಿಗೆಯ ಗೋಡೆಗೆ ಒರಗುವಂತೆ ಒಂದು ಮಿಲಿಮೀಟರಿನ ಪ್ಲಾಸ್ಟಿಕ್ ತುಂಡು ಅಂಟಿಸಿದೆ.

ದೂಳಿಗೆ ನಮ್ಮ ಬೀದಿಯ ಹಾರ್ಮೋನಿಯಂ ರಿಪೇರಿಯವರು ಉಣ್ಣೆ ಬಟ್ಟೆಯ ಚೂರು ಕೊಟ್ಟರು. ಸೀಳಿನ ಒಳಗಡೆ ಎರಡೂ ಅಂಚಿಗೆ ಅದನ್ನು ಅಂಟಿಸಿದೆ. ಗಾಲಿಯ ಹಲ್ಲು ಈಗ ಒಳಗೆ ಹೋಗುವ ಮೊದಲು ಆ ಬಟ್ಟೆಗೆ ಒರೆಸಿಕೊಂಡು ಹೋಗುತ್ತದೆ. ಮೊದಲ ಸಲ ದಪ್ಪ ಜಾಸ್ತಿಯಾಗಿ ಗಾಲಿ ಬಿಗಿಯಾಯಿತು, ಎರಡೇ ದಿನಕ್ಕೆ ಟೀಚರಮ್ಮ “ಹೆಬ್ಬೆರಳು ನೋಯ್ತದೆ ಕಣಪ್ಪಾ” ಅಂತ ತಂದರು. ಬ್ಲೇಡಿನಲ್ಲಿ ತೆಳ್ಳಗೆ ಸೀಳಿ ಮತ್ತೆ ಹಾಕಿದೆ.

ಆಮೇಲೆ

ಅದೇ ಟೋನ್ ಕ್ಯಾಸೆಟ್ ಹಾಕಿ ಅಳೆದೆ. ಅವರು ಕೇಳುವ ಮಟ್ಟದಲ್ಲಿ ಎಡಕ್ಕೆ 41, ಬಲಕ್ಕೆ 39 ಮಿಲಿವೋಲ್ಟ್. ಅರ್ಧ ಡೆಸಿಬೆಲ್ಲಿಗೂ ಕಡಿಮೆ ವ್ಯತ್ಯಾಸ.

ಮತ್ತೊಂದು ಬೆಳಿಗ್ಗೆ ಹೋಗಿ ಗೆರೆ ಎಳೆದೆ. ಆವತ್ತು ಅವರು 14 ಸಾಲು ಹಾಡಿದರು. ಗೆರೆಗಳು 31. ತಡಕಾಟ ಮೂರೇ ಸಲ, ಅದೂ ಮೊದಲ ಹತ್ತು ನಿಮಿಷದಲ್ಲಿ, ಹೊಸ ಗಾಲಿಗೆ ಬೆರಳು ಹೊಂದಿಕೊಳ್ಳುವ ತನಕ.

ಎಂಟು ತಿಂಗಳ ನಂತರ ಹೆಡ್ ಒರೆಸಲು ಪ್ಲೇಯರ್ ಬಂದಿತ್ತು. ಗಾಲಿಯ ಮೇಲೆ 5ರ ಅಂಕೆಯ ಪಕ್ಕ ಮಗಳ ಉಗುರು ಬಣ್ಣದ ಒಂದು ಕೆಂಪು ಚುಕ್ಕೆ ಇತ್ತು. ಸೀಳಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಉಣ್ಣೆ ಬಟ್ಟೆ ಕುಂಕುಮದ ಬಣ್ಣಕ್ಕೆ ತಿರುಗಿತ್ತು, ಅದರಾಚೆ ಗಾಲಿಯ ಹಲ್ಲುಗಳ ನಡುವೆ ಏನೂ ಇರಲಿಲ್ಲ. ಬಟ್ಟೆ ಬದಲಿಸಿ, ಸೆಲ್ಲು ಹಾಕಿ, ಗಾಲಿಯನ್ನು ಚುಕ್ಕೆಗೆ ತಂದಿಟ್ಟು ಕೊಟ್ಟೆ. ಟೀಚರಮ್ಮ ಅಂಗಡಿಯಲ್ಲೇ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಹೆಬ್ಬೆರಳು ಗಾಲಿಯನ್ನು ಮೆಲ್ಲಗೆ ಕೆಳಕ್ಕೆ ಒಯ್ದಿತು, ಒಂದೇ ಸಲಕ್ಕೆ, ಮತ್ತು ಅವರು ಹಾಡತೊಡಗಿದರು.